ಉಕ್ಕಿನ ವಿನ್ಯಾಸದ ಹೊಸ ಕೋಡ್ ಬಂದಿದೆ, ಯಾವಾಗಿನಿಂದ ಬಳಸಬೇಕು?

ಪ್ರಶ್ನೆ: ನಮ್ಮದು ಏಳೆಂಟು ಮಂದಿಯ ಸ್ಟ್ರಕ್ಚರಲ್ ಕನ್ಸಲ್ಟೆನ್ಸಿ. ಉಕ್ಕಿನ ವಿನ್ಯಾಸದ ಕೋಡ್‌ನ ಹೊಸ ಆವೃತ್ತಿ ಪ್ರಕಟವಾಗಿದೆ. ಆದರೆ ಪರವಾನಗಿ ಕೊಡುವ ಪ್ರಾಧಿಕಾರದ ಕಟ್ಟಡ ನಿಯಮಗಳಲ್ಲಿ ಇನ್ನೂ ಹಳೆಯ ಆವೃತ್ತಿಯ ಹೆಸರೇ ಇದೆ. ಇತ್ತ ಸಾಫ್ಟ್‌ವೇರ್ ಅಪ್‌ಡೇಟ್ ಆಗಿ, ಮಾಡೆಲ್ ತೆರೆದರೆ ಹೊಸ ಕೋಡೇ ಮೊದಲು ಆಯ್ಕೆಯಾಗಿರುತ್ತದೆ. ಈಗಲೇ ಬದಲಾಗಬೇಕೇ, ನಿಯಮ ಬದಲಾಗುವವರೆಗೆ ಕಾಯಬೇಕೇ? ಅರ್ಧಕ್ಕೆ ಬಂದಿರುವ ಕೆಲಸಗಳನ್ನು ಏನು ಮಾಡುವುದು?

ಉತ್ತರ: ಮೊದಲು ಚಿಕ್ಕ ಉತ್ತರ. ಪರವಾನಗಿಗೆ ಅರ್ಜಿ ಸಲ್ಲಿಸುವ ದಿನ ಕಟ್ಟಡ ನಿಯಮದಲ್ಲಿ ಯಾವ ಆವೃತ್ತಿಯ ಹೆಸರಿದೆಯೋ ಅದನ್ನು ಪಾಲಿಸಲೇಬೇಕು. ಹೊಸ ಆವೃತ್ತಿಯನ್ನು ಹೊಸ ಪ್ರಾಜೆಕ್ಟ್‌ನ ಮೊದಲ ದಿನದಿಂದ ಬಳಸಿ, ನಡೆಯುತ್ತಿರುವ ಕೆಲಸದ ನಡುವೆ ಬೇಡ. ಇದಕ್ಕೆ ಒಂದು ವಿನಾಯಿತಿ ಇದೆ. ಹೊಸ ಆವೃತ್ತಿಯಲ್ಲಿ ಯಾವುದಾದರೂ ಸಾಮರ್ಥ್ಯವನ್ನು ಕಡಿಮೆ ಮಾಡಿದ್ದರೆ, ಅಂದರೆ ಹಳೆಯ ಲೆಕ್ಕ ಅಪಾಯಕಾರಿ ಎಂದು ಗೊತ್ತಾಗಿದ್ದರೆ, ಆ ಒಂದು ಬದಲಾವಣೆಯನ್ನು ಅಂದಿನಿಂದಲೇ, ಎಲ್ಲ ಕೆಲಸಗಳಲ್ಲೂ ಪಾಲಿಸಿ. ನಿಯಮ ಬದಲಾಗಲಿ ಎಂದು ಕಾಯಬೇಡಿ.

ಗೊಂದಲ ಹುಟ್ಟುವುದು ದಿನಾಂಕಗಳನ್ನು ಕಲಸಿಕೊಳ್ಳುವುದರಿಂದ. ಕೋಡ್ ಪ್ರಕಟವಾಗುವ ದಿನ ಒಂದು. ಅದು ಕಟ್ಟಡ ನಿಯಮಕ್ಕೆ ಸೇರುವ ದಿನ ಮತ್ತೊಂದು. ಇವೆರಡರ ನಡುವೆ ವರ್ಷಗಳೇ ಕಳೆಯಬಹುದು. ಅಮೆರಿಕದ ಉದಾಹರಣೆ ನೋಡಿ. ಅಲ್ಲಿನ ಉಕ್ಕಿನ ವಿನ್ಯಾಸದ ಕೋಡ್ ಎಐಎಸ್‌ಸಿ 360. ಅದರ ಆವೃತ್ತಿಗಳು 2005, 2010, 2016 ಮತ್ತು 2022ರಲ್ಲಿ ಬಂದವು. 360-10 ಎಂದರೆ 2010ರ ಆವೃತ್ತಿ. ಐಬಿಸಿ ಎಂಬ ಮಾದರಿ ಕಟ್ಟಡ ಸಂಹಿತೆ ಮೂರು ವರ್ಷಕ್ಕೊಮ್ಮೆ ಬರುತ್ತದೆ. ಐಬಿಸಿ 2015ರಲ್ಲಿ ಹೆಸರಿಸಿರುವುದು 360-10 ಅನ್ನು, ಐಬಿಸಿ 2018 ಮತ್ತು 2021 ಎರಡರಲ್ಲೂ 360-16 ಅನ್ನು, ಐಬಿಸಿ 2024ರಲ್ಲಿ 360-22 ಅನ್ನು. ಇದರ ಮೇಲೆ ಪ್ರತಿ ರಾಜ್ಯ, ಕೆಲವೆಡೆ ಪ್ರತಿ ನಗರವೂ ಯಾವ ಐಬಿಸಿ ಬೇಕೆಂದು ತಾನೇ ನಿರ್ಧರಿಸುತ್ತದೆ. ಹಾಗಾಗಿ ‘ಈಗ ಚಾಲ್ತಿಯಲ್ಲಿರುವ ಕೋಡ್ ಯಾವುದು’ ಎಂಬ ಪ್ರಶ್ನೆಗೆ ಊರಿಗೊಂದು ಉತ್ತರ. ಸಂಹಿತೆಯ ಕೊನೆಯಲ್ಲಿ ಉಲ್ಲೇಖಿತ ಮಾನದಂಡಗಳ ಪಟ್ಟಿ ಇರುತ್ತದೆ, ಐಬಿಸಿಯಲ್ಲಿ ಅದು 35ನೇ ಅಧ್ಯಾಯ. ನೋಡಬೇಕಾದದ್ದು ಅದನ್ನು, ಜೊತೆಗೆ ಸ್ಥಳೀಯ ತಿದ್ದುಪಡಿಗಳನ್ನು. ಸಾಫ್ಟ್‌ವೇರ್‌ನ ಮೆನುವಿನಲ್ಲಿ ಮೊದಲು ಕಾಣುವ ಹೆಸರಿಗೆ ಕಾನೂನಿನ ಬೆಲೆ ಏನೂ ಇಲ್ಲ.

ಯುರೋಪಿನಲ್ಲಿ ಕ್ರಮ ಬೇರೆ. ಅಲ್ಲಿ ಹಳೆಯದು, ಹೊಸದು ಎರಡೂ ಕೆಲವು ಕಾಲ ಜೊತೆಗಿದ್ದು, ನಿಗದಿತ ದಿನ ಹಳೆಯದನ್ನು ಹಿಂತೆಗೆದುಕೊಳ್ಳುತ್ತಾರೆ. ಬ್ರಿಟನ್‌ನಲ್ಲಿ ಹಳೆಯ ಉಕ್ಕಿನ ಕೋಡ್ ಬಿಎಸ್ 5950 ಹೀಗೆ 2010ರ ಮಾರ್ಚ್ ಕೊನೆಗೆ ಹೋಯಿತು. ಈಗ ಎರಡನೇ ತಲೆಮಾರಿನ ಯೂರೋಕೋಡ್‌ಗಳು, ಅಂದರೆ ಯುರೋಪಿನ ದೇಶಗಳ ಸಮಾನ ವಿನ್ಯಾಸ ಕೋಡ್‌ಗಳು, ಬರುತ್ತಿವೆ. ಅವುಗಳಲ್ಲಿ ಉಕ್ಕಿನ ಭಾಗವಾದ ಇಎನ್ 1993-1-1:2022 ಪ್ರಕಟವಾಗಿದೆ, ಮೊದಲ ತಲೆಮಾರನ್ನು ಹಿಂತೆಗೆಯಲು 2028ರ ಮಾರ್ಚ್ ಗೊತ್ತುಮಾಡಿದ್ದಾರೆ. ಆಯಾ ದೇಶದ ನ್ಯಾಷನಲ್ ಅನೆಕ್ಸ್ ಬರುವವರೆಗೆ ಹೊಸ ಭಾಗವನ್ನು ಓದಬಹುದು, ಹೋಲಿಸಿ ನೋಡಬಹುದು, ಆದರೆ ವಿನ್ಯಾಸಕ್ಕೆ ಇಳಿಯಬಾರದು. ಏಕೆಂದರೆ ಸುರಕ್ಷತೆಗಾಗಿ ಬಳಸುವ ಪಾರ್ಷಿಯಲ್ ಫ್ಯಾಕ್ಟರ್‌ಗಳೂ ಆಯಾ ದೇಶ ಆರಿಸಬೇಕಾದ ಇತರ ಅಂಕಿಗಳೂ ಇರುವುದು ಆ ಅನೆಕ್ಸ್‌ನಲ್ಲಿ.

ನಿಮ್ಮ ಪ್ರಶ್ನೆಯಲ್ಲಿ ಇಲ್ಲದ, ಆದರೆ ಎಲ್ಲಕ್ಕಿಂತ ಹೆಚ್ಚು ಹಾನಿ ಮಾಡುವ ತಪ್ಪೊಂದಿದೆ. ಬೇಗ ಬದಲಾಗುವುದರಿಂದಾಗಲಿ ತಡವಾಗಿ ಬದಲಾಗುವುದರಿಂದಾಗಲಿ ಆಗುವ ಅನರ್ಥಕ್ಕಿಂತ ಎರಡು ಆವೃತ್ತಿಗಳನ್ನು ಬೆರೆಸುವುದರಿಂದ ಆಗುವ ಅನರ್ಥ ದೊಡ್ಡದು. ಎರಡು ದೋಣಿಯಲ್ಲಿ ಕಾಲಿಟ್ಟವನ ಪಾಡು ಇಲ್ಲಿ ಅಂಕಿಗಳಲ್ಲೇ ಕಾಣುತ್ತದೆ.

ಗಾಳಿಯ ಲೋಡ್ ತೆಗೆದುಕೊಳ್ಳಿ. ಅಮೆರಿಕದ ಲೋಡ್ ಮಾನದಂಡ ಎಎಸ್‌ಸಿಇ 7ರ 2005ರ ಆವೃತ್ತಿಯಲ್ಲಿ, ಅಂದರೆ 7-05ರಲ್ಲಿ, ಆ ದೇಶದ ಬಹುಭಾಗಕ್ಕೆ ಗಾಳಿಯ ಮೂಲ ವೇಗ ಗಂಟೆಗೆ 90 ಮೈಲಿ ಇತ್ತು, ಲೋಡ್ ಫ್ಯಾಕ್ಟರ್, ಅಂದರೆ ಲೋಡನ್ನು ಗುಣಿಸುವ ಸಂಖ್ಯೆ, 1.6. 7-10ರಲ್ಲಿ ಆ ಫ್ಯಾಕ್ಟರ್ ಮೊದಲೇ ಸೇರಿರುವ ಅಂತಿಮ ಮಟ್ಟಕ್ಕೆ ವೇಗದ ನಕ್ಷೆಯನ್ನೇ ಏರಿಸಿದರು. ಸಾಮಾನ್ಯ ಕಟ್ಟಡಗಳಿಗೆ ಅದೇ ಜಾಗದಲ್ಲಿ ವೇಗ 115 ಆಯಿತು, ಫ್ಯಾಕ್ಟರ್ 1.0ಕ್ಕೆ ಇಳಿಯಿತು. ಒತ್ತಡ ವೇಗದ ವರ್ಗಕ್ಕೆ ಅನುಪಾತದಲ್ಲಿರುವುದರಿಂದ 90ರ ವರ್ಗ 8,100, ಅದನ್ನು 1.6ರಿಂದ ಗುಣಿಸಿದರೆ 12,960. ಇತ್ತ 115ರ ವರ್ಗ 13,225. ಎರಡೂ ಹೆಚ್ಚುಕಡಿಮೆ ಒಂದೇ. ಈಗ ಹಳೆಯ ನಕ್ಷೆಯಿಂದ 90 ತೆಗೆದು ಹೊಸ ಫ್ಯಾಕ್ಟರ್ 1.0 ಹಾಕಿದರೆ ಸಿಗುವುದು 8,100 ಮಾತ್ರ, ಬೇಕಾದದ್ದಕ್ಕಿಂತ ಸುಮಾರು 38 ಪ್ರತಿಶತ ಕಡಿಮೆ. ಹೊಸ ವೇಗಕ್ಕೆ ಹಳೆಯ 1.6 ಹಾಕಿದರೆ 63 ಪ್ರತಿಶತ ಹೆಚ್ಚು. ಎರಡೂ ಲೆಕ್ಕಗಳು ನೋಡಲು ಅಚ್ಚುಕಟ್ಟಾಗಿಯೇ ಇರುತ್ತವೆ, ಪ್ರತಿ ಅಂಕಿಗೂ ಒಂದೊಂದು ಕೋಡ್‌ನ ಆಧಾರ ಇರುತ್ತದೆ. ಅದಕ್ಕೇ ಪರಿಶೀಲಕರ ಕಣ್ಣು ತಪ್ಪುತ್ತದೆ. ಎಎಸ್‌ಸಿಇ 7-22ರಲ್ಲಿ ಹಿಮದ ಲೋಡಿಗೂ ಇದೇ ರೀತಿ ಆಗಿದೆ. ನಕ್ಷೆಯ ಮೌಲ್ಯಗಳು ಅಂತಿಮ ಮಟ್ಟಕ್ಕೆ ಏರಿವೆ, ಲೋಡ್‌ಗಳನ್ನು ಕೂಡಿಸುವ ಮುಖ್ಯ ಸಂಯೋಜನೆಯಲ್ಲಿ 1.6 ಇದ್ದದ್ದು 1.0 ಆಗಿದೆ. ಹಳೆಯ ಸ್ಪ್ರೆಡ್‌ಶೀಟ್‌ಗೆ ಹೊಸ ನಕ್ಷೆಯ ಅಂಕಿ ತುಂಬುವವರು ಇಲ್ಲಿ ಎಡವುತ್ತಾರೆ.

ಭಾರತದ ಉಕ್ಕಿನ ಕೋಡ್ ಐಎಸ್ 800ರಲ್ಲಿ 1984ರಿಂದ 2007ರ ಆವೃತ್ತಿಗೆ ಬಂದಾಗ ಬದಲಾದದ್ದು ವಿನ್ಯಾಸದ ತತ್ವವೇ. ಉಕ್ಕಿನ ಒತ್ತಡಕ್ಕೆ ಮಿತಿ ಹಾಕುವ ವರ್ಕಿಂಗ್ ಸ್ಟ್ರೆಸ್‌ನಿಂದ, ಹೆಚ್ಚಿಸಿದ ಲೋಡನ್ನು ತಗ್ಗಿಸಿದ ಸಾಮರ್ಥ್ಯಕ್ಕೆ ಹೋಲಿಸುವ ಲಿಮಿಟ್ ಸ್ಟೇಟ್‌ಗೆ. 250 ಮೆಗಾಪಾಸ್ಕಲ್ ಯೀಲ್ಡ್ (ಶಾಶ್ವತವಾಗಿ ಹಿಗ್ಗಲು ಶುರುವಾಗುವ ಒತ್ತಡ) ಇರುವ ಉಕ್ಕಿಗೆ ಹಳೆಯದರಲ್ಲಿ ಬಾಗುವಿಕೆಯ ಅನುಮತ ಒತ್ತಡ 0.66ರ ಲೆಕ್ಕದಲ್ಲಿ 165. ಹೊಸದರಲ್ಲಿ 250ನ್ನು 1.1ರಿಂದ ಭಾಗಿಸಿ 227, ಆದರೆ ಲೋಡನ್ನು 1.5ರಿಂದ ಗುಣಿಸಿರಬೇಕು. ಲೋಡನ್ನು ಗುಣಿಸದೆ ನೇರವಾಗಿ 227ಕ್ಕೆ ಹೋಲಿಸಿದರೆ ಸುರಕ್ಷತೆಯ ಅಂತರ 1.65ರಿಂದ 1.1ಕ್ಕೆ ಇಳಿಯುತ್ತದೆ. ಆ ಕೋಡ್‌ನ 11ನೇ ವಿಭಾಗದಲ್ಲಿ ವರ್ಕಿಂಗ್ ಸ್ಟ್ರೆಸ್ ವಿಧಾನವನ್ನೂ ಉಳಿಸಿಕೊಂಡಿರುವುದರಿಂದ, ಒಂದೇ ಕಚೇರಿಯಲ್ಲಿ ಇಬ್ಬರು ಎರಡು ವಿಧಾನದಲ್ಲಿ ಕೆಲಸ ಮಾಡಬಹುದು. ಲೆಕ್ಕದ ಮೊದಲ ಹಾಳೆಯಲ್ಲೇ ಯಾವ ವಿಧಾನ ಎಂದು ಬರೆಯುವುದು ಕಡ್ಡಾಯವಾಗಲಿ.

ಬೋಲ್ಟ್‌ಗಳಲ್ಲಿ ಬೆರಕೆ ಇನ್ನೂ ಸೂಕ್ಷ್ಮ. 360-05ರಿಂದ 360-10ಕ್ಕೆ ಬರುವಾಗ, ಥ್ರೆಡ್ ಶಿಯರ್ ತಲದಲ್ಲಿರುವ, ಅಂದರೆ ಬೋಲ್ಟ್ ಅಡ್ಡಲಾಗಿ ಕತ್ತರಿಸಿಹೋಗುವ ಜಾಗದಲ್ಲಿ ಥ್ರೆಡ್ ಇರುವ, ಎ325 ದರ್ಜೆಯ ಬೋಲ್ಟ್‌ನ ನಾಮಿನಲ್ ಶಿಯರ್ ಒತ್ತಡ 48 ಕೆಎಸ್‌ಐನಿಂದ (ಚದರ ಇಂಚಿಗೆ ಸಾವಿರ ಪೌಂಡ್) 54ಕ್ಕೆ ಏರಿತು. ಉದ್ದನೆಯ ಜೋಡಣೆಗಳಿಗಾಗಿ ಎಲ್ಲ ಬೋಲ್ಟ್‌ಗಳ ಮೇಲೂ ಹೇರಿದ್ದ 20 ಪ್ರತಿಶತ ಕಡಿತವನ್ನು 10ಕ್ಕೆ ಇಳಿಸಿ, 38 ಇಂಚಿಗಿಂತ ಉದ್ದದ ಜೋಡಣೆಗಳಿಗೆ ಮಾತ್ರ ಹೆಚ್ಚಿನ ಕಡಿತ ಇಟ್ಟರು. ಅದೇ ಆವೃತ್ತಿಯಲ್ಲಿ, ಬಿಗಿದ ಪ್ಲೇಟ್‌ಗಳ ಘರ್ಷಣೆಯಿಂದ ಬಲ ಸಾಗಿಸುವ ಸ್ಲಿಪ್ ಕ್ರಿಟಿಕಲ್ ಜೋಡಣೆಯ ಕ್ಲಾಸ್ ಎ ಮೇಲ್ಮೈಗೆ, ಅಂದರೆ ಬಣ್ಣ ಬಳಿಯದ ಸ್ವಚ್ಛ ಮಿಲ್ ಸ್ಕೇಲ್‌ಗೆ, ಘರ್ಷಣಾಂಕ 0.35ರಿಂದ 0.30ಕ್ಕೆ ಇಳಿಯಿತು. ಶಿಯರ್ ಹೊಸದರಿಂದ, ಘರ್ಷಣಾಂಕ ಹಳೆಯದರಿಂದ ತೆಗೆದುಕೊಂಡವರ ಲೆಕ್ಕ ಯಾವ ಕೋಡ್‌ಗೂ ಸೇರದು. ಲಾಭವಿದ್ದ ಕಡೆಯಿಂದೆಲ್ಲ ಹೆಕ್ಕಿಕೊಂಡ ಲೆಕ್ಕ ಅದು.

ಹಾಗಾದರೆ ಯಾವುದನ್ನೂ ಬೆರೆಸಲೇಬಾರದೇ? ಲೋಡ್‌ನ ಮಾನದಂಡ ಒಂದು ಪೂರ್ತಿ ಕಟ್ಟು, ಉಕ್ಕಿನದು ಮತ್ತೊಂದು ಪೂರ್ತಿ ಕಟ್ಟು. ಲೋಡ್‌ಗಳೂ ಅವುಗಳ ಸಂಯೋಜನೆಗಳೂ ಅನ್ವಯಿಸುವ ಕಟ್ಟಡ ಸಂಹಿತೆಯಂತೆ ಇರಲಿ ಎಂದು ಎಐಎಸ್‌ಸಿ 360 ತಾನೇ ಹೇಳುತ್ತದೆ. ಆದ್ದರಿಂದ ನಿಯಮದಲ್ಲಿರುವ ಎಎಸ್‌ಸಿಇ 7-16ರ ಲೋಡ್‌ಗಳು ಮತ್ತು ಸಂಯೋಜನೆಗಳನ್ನು ಇಡಿಯಾಗಿ ತೆಗೆದುಕೊಂಡು, ಸಾಮರ್ಥ್ಯಕ್ಕೆ ಪೂರ್ತಿ 360-22 ಬಳಸುವುದು ಪ್ರಾಧಿಕಾರದ ಒಪ್ಪಿಗೆಯಿದ್ದರೆ ತಾಂತ್ರಿಕವಾಗಿ ಸಮರ್ಥನೀಯ. ಆದರೆ ಎಐಎಸ್‌ಸಿಯದೇ ಆದ ಭೂಕಂಪದ ನಿಯಮಗಳ 341, ಪೂರ್ವ ಅರ್ಹತೆ ಪಡೆದ (ಪರೀಕ್ಷಿಸಿ ಮೊದಲೇ ಒಪ್ಪಿದ) ಜೋಡಣೆಗಳ 358, ಇವೆರಡೂ ಮೂಲ 360ರ ಕಲಮುಗಳನ್ನು ಸಂಖ್ಯೆಯ ಸಮೇತ ಉಲ್ಲೇಖಿಸುತ್ತವೆ. ಮೂರೂ ಒಂದೇ ಸರಣಿಯವೇ ಆಗಿರಬೇಕು.

ಇನ್ನು ನಿಯಮಕ್ಕಿಂತ ಮೊದಲೇ ಹೊಸದನ್ನು ಬಳಸುವ ವಿಚಾರ. ಹೊಸದರ ಪ್ರಕಾರ ಬಂದ ಅಳತೆ ಹಳೆಯದನ್ನೂ ಪೂರೈಸುತ್ತಿದ್ದರೆ ಯಾರ ಅನುಮತಿಯೂ ಬೇಕಿಲ್ಲ, ನೀವು ಕನಿಷ್ಠಕ್ಕಿಂತ ಹೆಚ್ಚು ಮಾಡಿದ್ದೀರಿ ಅಷ್ಟೆ. ಹೊಸದು ಹೆಚ್ಚು ಸಾಮರ್ಥ್ಯ ಕೊಡುತ್ತಿದ್ದು ಆ ಲಾಭ ನಿಮಗೆ ಬೇಕಿದ್ದರೆ, ವಿನ್ಯಾಸ ಶುರುವಾಗುವ ಮೊದಲೇ ಪ್ರಾಧಿಕಾರದಿಂದ ಲಿಖಿತ ಒಪ್ಪಿಗೆ ಪಡೆಯಿರಿ. ಬಹುತೇಕ ಸಂಹಿತೆಗಳಲ್ಲಿ ಪರ್ಯಾಯ ವಿಧಾನಗಳಿಗೆ ಅವಕಾಶ ಕೊಡುವ ಕಲಮು ಇರುತ್ತದೆ. ಅರ್ಜಿ ಎರಡು ಪುಟ ಮೀರಬೇಕಿಲ್ಲ. ಯಾವ ಆವೃತ್ತಿ, ಯಾವ ಯಾವ ಕಲಮು ಬದಲಾಗಿದೆ, ಪ್ರಾಜೆಕ್ಟ್‌ನ ಯಾವ ಭಾಗಕ್ಕೆ ಅನ್ವಯ, ಲೋಡ್ ಯಾವ ಮಾನದಂಡದ್ದು, ಇಷ್ಟು ಸಾಕು. ಬಾಯಿಮಾತಿನ ಒಪ್ಪಿಗೆ ಬೇಡ. ಎರಡು ವರ್ಷದ ನಂತರ ಆ ಕುರ್ಚಿಯಲ್ಲಿ ಬೇರೆಯವರಿರುತ್ತಾರೆ.

ಕಾಯಬಾರದ ಬದಲಾವಣೆಗಳಿಗೆ ಬರೋಣ. 1994ರ ಜನವರಿ 17ರಂದು ಲಾಸ್ ಏಂಜಲೀಸ್ ಬಳಿಯ ನಾರ್ತ್‌ರಿಜ್ ಭೂಕಂಪದಲ್ಲಿ, ಕೋಡ್‌ಗೆ ಅನುಗುಣವಾಗಿಯೇ ಕಟ್ಟಿದ್ದ ಉಕ್ಕಿನ ಮೊಮೆಂಟ್ ಫ್ರೇಮ್‌ಗಳ (ಬಿಗಿ ಜೋಡಣೆಗಳಿಂದಲೇ ಪಾರ್ಶ್ವ ಬಲ ತಡೆಯುವ ಚೌಕಟ್ಟುಗಳ) ಬೀಮ್-ಕಾಲಮ್ ವೆಲ್ಡ್‌ಗಳು ಗಾಜಿನಂತೆ ಬಿರಿದವು. ಬಹಳಷ್ಟು ಬಿರುಕುಗಳು ಹುಟ್ಟಿದ್ದು ಬೀಮ್‌ನ ಕೆಳ ಫ್ಲ್ಯಾಂಜ್‌ನ (ಅಗಲ ಪಟ್ಟಿಯ) ಗ್ರೂವ್ ವೆಲ್ಡ್‌ನ ಬುಡದಲ್ಲಿ, ವೆಲ್ಡ್ ಹಾಕುವಾಗ ಹಿಂದೆ ಆಧಾರವಾಗಿಟ್ಟ ಬ್ಯಾಕಿಂಗ್ ಬಾರ್ ಹಾಗೇ ಉಳಿದಿದ್ದ ಜಾಗದಲ್ಲಿ. ವೆಲ್ಡ್ ಲೋಹದ ಟಫ್‌ನೆಸ್, ಅಂದರೆ ಬಿರುಕು ತಡೆಯುವ ಗುಣ, ಕಡಿಮೆ ಇತ್ತು, ಒಳಗಿನ ದೋಷ ಬಾರ್‌ನ ಹಿಂದೆ ಕಾಣುತ್ತಿರಲಿಲ್ಲ. ಕಟ್ಟಡಗಳು ಕುಸಿಯಲಿಲ್ಲ, ಆದರೆ ಅಗ್ನಿರಕ್ಷಕ ಲೇಪನ ಕೆರೆದು ನೋಡಿದಾಗ ಹಾನಿ ಹೊರಬಿತ್ತು. ಅದೇ ವರ್ಷ ತುರ್ತು ತಿದ್ದುಪಡಿಯಲ್ಲಿ ಆ ಜೋಡಣೆಗಿದ್ದ ಪೂರ್ವ ಅರ್ಹತೆಯನ್ನು ತೆಗೆದುಹಾಕಿದರು. 1995ರಲ್ಲಿ ಅಮೆರಿಕದ ವಿಪತ್ತು ನಿರ್ವಹಣಾ ಸಂಸ್ಥೆಯಿಂದ ಫೆಮಾ 267 ಎಂಬ ಮಧ್ಯಂತರ ಮಾರ್ಗಸೂಚಿ ಬಂತು, ಪೂರ್ಣ ಶಿಫಾರಸುಗಳು ಫೆಮಾ 350 ಆಗಿ 2000ದಲ್ಲಿ ಬಂದವು. ಭೂಕಂಪ ಆಗಿಹೋದ ಮೇಲೂ ಪಕ್ಕದ ಊರಿನ ನಿಯಮದಲ್ಲಿ ಹಳೆಯ ಜೋಡಣೆಗೆ ಅವಕಾಶ ಇದ್ದಿರಬಹುದು. ಅದನ್ನು ಬಳಸಲು ಅದು ಕಾರಣವಾಗದು. ಕಾನೂನು ಹೇಳುವುದು ಕನಿಷ್ಠ ಎಷ್ಟು ಎಂದು. ಗೊತ್ತಿದ್ದೂ ಅಪಾಯ ಉಳಿಸಿಕೊಂಡ ಎಂಜಿನಿಯರ್‌ನ ಹೊಣೆ ಅದರಿಂದ ತೀರುವುದಿಲ್ಲ.

ಇಷ್ಟು ದೊಡ್ಡದಲ್ಲದ, ಆದರೆ ಅದೇ ಜಾತಿಯ ಬದಲಾವಣೆಗಳು ಪ್ರತಿ ಆವೃತ್ತಿಯಲ್ಲೂ ಒಂದೆರಡು ಸಿಗುತ್ತವೆ. 360-22ರಲ್ಲಿ ನೋಡಿ: ಉದ್ದಕ್ಕೆ ಅಡ್ಡವಾಗಿ ಬಲ ಬೀಳುವ ಫಿಲೆಟ್ ವೆಲ್ಡ್‌ಗೆ (ಮೂಲೆಯಲ್ಲಿ ತುಂಬುವ ತ್ರಿಕೋನ ವೆಲ್ಡ್) ದಿಕ್ಕಿನ ಲಾಭವಾಗಿ 1.5 ಪಟ್ಟು ಸಾಮರ್ಥ್ಯ ತೆಗೆದುಕೊಳ್ಳಬಹುದು, ಆದರೆ ಎಳೆತದಲ್ಲಿರುವ ಆಯತಾಕಾರದ ಟ್ಯೂಬ್‌ನ ತುದಿಯ ವೆಲ್ಡ್‌ಗೆ ಅದು 1.0 ಮಾತ್ರ. ಟ್ಯೂಬ್‌ನ ಗೋಡೆಗಳಲ್ಲಿ ಬಲ ಸಮನಾಗಿ ಹಂಚಿಹೋಗದಿರುವುದರಿಂದ ವೆಲ್ಡ್‌ನ ಉದ್ದವೆಲ್ಲ ಒಂದೇ ಹೊತ್ತಿಗೆ ಕೆಲಸ ಮಾಡುವುದಿಲ್ಲ. ಹಳೆಯ ಆವೃತ್ತಿಯಡಿ 1.5 ಹಾಕಿದ್ದರೆ ಮೂರನೇ ಒಂದು ಭಾಗ ಸಾಮರ್ಥ್ಯ ಕಾಗದದ ಮೇಲೆ ಮಾತ್ರ ಇದೆ ಎಂದರ್ಥ. ಶಾಪ್ ಡ್ರಾಯಿಂಗ್ (ಕಾರ್ಖಾನೆಯಲ್ಲಿ ಉಕ್ಕು ತಯಾರಿಸಲು ಬೇಕಾದ ನಕ್ಷೆ) ಹಂತದಲ್ಲಿರುವ ಕೆಲಸದಲ್ಲಿ ಇಂಥ ಜೋಡಣೆ ಇದ್ದರೆ ವೆಲ್ಡ್‌ನ ಲೆಗ್ ದೊಡ್ಡದು ಮಾಡಲು ಇನ್ನೂ ಸಮಯವಿದೆ, ಈಗಲೇ ಮಾಡಿಸಿ. ಎರಾಟಾ, ಅಂದರೆ ಅದೇ ಆವೃತ್ತಿಯ ತಪ್ಪೊಪ್ಪೋಲೆ, ಬಂದರೂ ಅಷ್ಟೆ. ಅದು ಹೊಸ ಆವೃತ್ತಿಯಲ್ಲ, ನೀವು ಈಗಾಗಲೇ ಬಳಸುತ್ತಿರುವುದರ ತಿದ್ದುಪಡಿ. ಅದಕ್ಕೆ ಕಾಯುವ ಅವಧಿ ಎಂಬುದೇ ಇಲ್ಲ.

ನಡೆಯುತ್ತಿರುವ ಕೆಲಸಗಳ ಬಗ್ಗೆ. ಪರಿಕಲ್ಪನೆಯ ಹಂತದಲ್ಲಿದ್ದು, ಪರವಾನಗಿಯ ಹೊತ್ತಿಗೆ ನಿಯಮ ಬದಲಾಗುವ ಸಂಭವವಿದ್ದರೆ ಈಗಲೇ ಹೊಸದಕ್ಕೆ ಹೋಗಿ. ಸದಸ್ಯಗಳ (ಬೀಮ್, ಕಾಲಮ್‌ನಂಥ ಬಿಡಿ ಭಾಗಗಳ) ಅಳತೆ ಗೊತ್ತಾಗಿ ಜೋಡಣೆಗಳ ವಿನ್ಯಾಸ ಶುರುವಾಗಿದ್ದರೆ ಹಳೆಯದರಲ್ಲೇ ಮುಗಿಸಿ, ಸಾಮರ್ಥ್ಯ ಇಳಿದ ಕಡೆ ಮಾತ್ರ ಮೇಲೆ ಹೇಳಿದಂತೆ ಪರಿಶೀಲಿಸಿ. ಪರವಾನಗಿ ಸಲ್ಲಿಕೆಯಾಗಿದ್ದರೆ ಆವೃತ್ತಿ ಮುಟ್ಟಬೇಡಿ, ಸಾಮರ್ಥ್ಯ ಇಳಿದ ಕಡೆಯ ಪರಿಶೀಲನೆ ಮಾತ್ರ ಇಲ್ಲೂ ಬೇಕು. ಸೈಟ್‌ನಿಂದ ಬರುವ ಪ್ರಶ್ನೆಗಳಿಗೂ ಬದಲಿ ಸದಸ್ಯಗಳಿಗೂ ಅದೇ ಆವೃತ್ತಿಯಲ್ಲಿ ಉತ್ತರಿಸಿ. ಹಂತ ಹಂತವಾಗಿ ಕಟ್ಟುವ ದೊಡ್ಡ ಯೋಜನೆಗಳಲ್ಲಿ ಒಂದು ಹಂತ ಹಳೆಯದು, ಮುಂದಿನದು ಹೊಸದು ಆಗುವುದು ಅನಿವಾರ್ಯ. ಎರಡೂ ಕೂಡುವ ಗ್ರಿಡ್ ಸಾಲಿನ ಕಾಲಮ್‌ಗಳನ್ನು ಎರಡೂ ಆವೃತ್ತಿಗಳಲ್ಲಿ ಪರಿಶೀಲಿಸಿ.

ಆವೃತ್ತಿಯ ಸುದ್ದಿ ಕಚೇರಿಯಲ್ಲೇ ಉಳಿದು ಫ್ಯಾಬ್ರಿಕೇಟರ್‌ಗೆ, ಅಂದರೆ ಉಕ್ಕು ಕತ್ತರಿಸಿ ತೂತು ಕೊರೆಯುವ ಕಾರ್ಖಾನೆಗೆ, ತಲುಪದಿದ್ದರೆ ಏನಾಗುತ್ತದೆ ಎಂಬುದನ್ನು ಒಂದು ತೂತಿನ ಅಳತೆಯಲ್ಲೇ ನೋಡಬಹುದು. 360-10ರಲ್ಲಿ ಒಂದು ಇಂಚಿನ ಬೋಲ್ಟ್‌ಗೆ ಸ್ಟ್ಯಾಂಡರ್ಡ್ ತೂತು 1-1/16 ಇಂಚು. 360-16ರಲ್ಲಿ 1-1/8. ದಪ್ಪ ಬೋಲ್ಟ್‌ಗಳ ಶ್ಯಾಂಕ್ ಅಳತೆಯಲ್ಲಿ ಬರುವ ವ್ಯತ್ಯಾಸಕ್ಕೆ ಜಾಗ ಬೇಕೆಂದು ಹಿಗ್ಗಿಸಿದರು. 6 ಇಂಚು ಅಗಲ, ಅರ್ಧ ಇಂಚು ದಪ್ಪದ ಎ36 ದರ್ಜೆಯ ಉಕ್ಕಿನ ಪ್ಲೇಟಿನಲ್ಲಿ ಅಗಲದ ಉದ್ದಕ್ಕೆ ಒಂದೇ ಸಾಲಿನಲ್ಲಿ ಎರಡು ಬೋಲ್ಟ್ ಇವೆ ಎನ್ನಿ. ನಿವ್ವಳ ವಿಸ್ತೀರ್ಣಕ್ಕೆ ತೂತಿನ ಮೇಲೆ ಇನ್ನೂ 1/16 ಕಳೆಯಬೇಕು. ಹಳೆಯದರಲ್ಲಿ ಉಳಿಯುವ ಅಗಲ 3.75 ಇಂಚು, ಹೊಸದರಲ್ಲಿ 3.625. ತೂತಿನ ಸಾಲಿನಲ್ಲಿ ಪ್ಲೇಟ್ ಹರಿದುಹೋಗದಂತೆ ತಡೆಯುವ ವಿನ್ಯಾಸ ಸಾಮರ್ಥ್ಯ 81.6 ಕಿಪ್ಸ್‌ನಿಂದ (ಒಂದು ಕಿಪ್ ಎಂದರೆ ಸಾವಿರ ಪೌಂಡ್) 78.8ಕ್ಕೆ ಇಳಿಯುತ್ತದೆ, ಮೂರು ಪ್ರತಿಶತಕ್ಕಿಂತ ತುಸು ಹೆಚ್ಚು. ಇದಕ್ಕಿಂತ ಗಂಭೀರ ಸಂಗತಿ ಬೇರೆ ಇದೆ. ನೀವು 360-10ರಲ್ಲಿ ವಿನ್ಯಾಸ ಮಾಡಿ, ಫ್ಯಾಬ್ರಿಕೇಟರ್ ತನ್ನ ಯಂತ್ರಕ್ಕೆ 360-16ರ ಅಳತೆ ತುಂಬಿದ್ದರೆ, ನಿಮ್ಮ ಆವೃತ್ತಿಯ ಪ್ರಕಾರ ಆ 1-1/8 ಇಂಚಿನ ತೂತು ಸ್ಟ್ಯಾಂಡರ್ಡ್ ಅಲ್ಲ, ಓವರ್‌ಸೈಜ್ ವರ್ಗಕ್ಕೆ ಹೋಗುತ್ತದೆ. ಓವರ್‌ಸೈಜ್ ತೂತಿಗೆ ಬೇರಿಂಗ್ ಜೋಡಣೆ (ಬೋಲ್ಟ್ ತೂತಿನ ಅಂಚಿಗೆ ಒತ್ತಿ ಬಲ ಸಾಗಿಸುವಂಥದ್ದು) ನಡೆಯದು, ಸ್ಲಿಪ್ ಕ್ರಿಟಿಕಲ್ ಆಗಬೇಕು. ಮೇಲ್ಮೈ ತಯಾರಿ, ಬೋಲ್ಟ್ ಬಿಗಿತ, ತಪಾಸಣೆ ಎಲ್ಲವೂ ಬದಲಾಗುತ್ತವೆ. ಉಕ್ಕು ಸೈಟಿಗೆ ಬಂದ ಮೇಲೆ ಇದು ಗೊತ್ತಾದರೆ ದಾರಿ ಕಷ್ಟ.

ಆದ್ದರಿಂದ ಡ್ರಾಯಿಂಗ್‌ನ ಜನರಲ್ ನೋಟ್ಸ್‌ನಲ್ಲಿ ‘ಇತ್ತೀಚಿನ ಆವೃತ್ತಿ’ ಎಂದು ಬರೆಯಲೇಬೇಡಿ. ಅದು ಓದುವವನ ದಿನಾಂಕಕ್ಕೆ ತಕ್ಕಂತೆ ಅರ್ಥ ಬದಲಿಸುತ್ತದೆ. ಮಾನದಂಡದ ಹೆಸರು, ವರ್ಷ, ತಿದ್ದುಪಡಿ ಸಂಖ್ಯೆ ಮೂರನ್ನೂ ಬರೆಯಿರಿ. ಜೋಡಣೆಗಳ ವಿನ್ಯಾಸವನ್ನು ಫ್ಯಾಬ್ರಿಕೇಟರ್‌ನ ಎಂಜಿನಿಯರ್‌ಗೆ ವಹಿಸಿದ್ದರೆ, ಅವರ ಕರಾರಿನಲ್ಲೂ ಅದೇ ಸಾಲು ಇರಲಿ. ಜೋಯಿಸ್ಟ್, ಡೆಕ್, ಮೆಟ್ಟಿಲು ಪೂರೈಸುವವರಿಗೂ ಅನ್ವಯಿಸಲಿ. ಬೋಲ್ಟ್‌ನ ಹೆಸರು ನೋಡಿಕೊಳ್ಳಿ. ಎ325, ಎ490 ಈಗ ಪ್ರತ್ಯೇಕ ಮಾನದಂಡಗಳಲ್ಲ, ಎಎಸ್‌ಟಿಎಂ ಸಂಸ್ಥೆಯ ಎಫ್3125 ಎಂಬ ಒಂದೇ ಮಾನದಂಡದ ಒಳಗಿನ ಗ್ರೇಡ್‌ಗಳು. ಹಳೆಯ ನೋಟ್ಸ್ ಹಾಗೇ ಅಂಟಿಸಿದರೆ ಟೆಸ್ಟ್ ಸರ್ಟಿಫಿಕೇಟ್ ನಿಮ್ಮ ಡ್ರಾಯಿಂಗ್‌ಗೆ ಹೊಂದುವುದಿಲ್ಲ, ತಪಾಸಣಾಧಿಕಾರಿ ಕೆಲಸ ನಿಲ್ಲಿಸುತ್ತಾರೆ.

ಕಚೇರಿಯ ತಯಾರಿಗೆ ಆರೆಂಟು ವಾರ ಮೀಸಲಿಡಿ, ನಿಯಮ ಬದಲಾಗುವ ಮೊದಲೇ. ಒಬ್ಬರನ್ನು ಹೊಣೆಗಾರರನ್ನಾಗಿ ಮಾಡಿ. ಅವರು ಮೊದಲು ಓದಬೇಕಾದದ್ದು ಮುನ್ನುಡಿಯಲ್ಲಿರುವ ಮುಖ್ಯ ಬದಲಾವಣೆಗಳ ಪಟ್ಟಿ, ಬಳಿಕ ಆ ಕಲಮುಗಳ ವ್ಯಾಖ್ಯಾನ ಭಾಗ. ಬದಲಾವಣೆಗಳನ್ನು ಸಾಮರ್ಥ್ಯ ಇಳಿದದ್ದು, ಏರಿದ್ದು, ಲೆಕ್ಕದ ದಾರಿ ಬದಲಾದದ್ದು, ಸಂಖ್ಯೆ ಮಾತ್ರ ಬದಲಾದದ್ದು ಎಂದು ಬೇರ್ಪಡಿಸಲಿ. ಕೊನೆಯದನ್ನು ಹಗುರವಾಗಿ ಕಾಣಬೇಡಿ, ಸ್ಪ್ರೆಡ್‌ಶೀಟ್‌ಗಳಲ್ಲಿ ತಪ್ಪು ಸೂತ್ರ ಉಳಿಯುವುದು ಅಲ್ಲೇ.

ಆಮೇಲೆ ಈಗಾಗಲೇ ಮುಗಿದ ಒಂದು ಪ್ರಾಜೆಕ್ಟ್ ತೆಗೆದು, ಹತ್ತು ಹನ್ನೆರಡು ಸದಸ್ಯಗಳನ್ನು ಹೊಸದರಲ್ಲಿ ಕೈಲೆಕ್ಕ ಮಾಡಿ ಸಾಫ್ಟ್‌ವೇರ್‌ಗೆ ಹೋಲಿಸಿ. ಸುಲಭದ ಬೀಮ್‌ಗಳನ್ನು ಆರಿಸಬೇಡಿ, ಅವುಗಳಲ್ಲಿ ಏನೂ ಬದಲಾಗಿರುವುದಿಲ್ಲ. ತೆಳು ವೆಬ್‌ನ (ನಡುವಿನ ಹಲಗೆಯ) ಕಾಲಮ್, ಒಂಟಿ ಆ್ಯಂಗಲ್, ಟೀ ಸೆಕ್ಷನ್, ಟ್ಯೂಬ್‌ನ ವೆಲ್ಡ್, ದಪ್ಪ ಬೋಲ್ಟ್‌ನ ಟೆನ್ಷನ್ ಪ್ಲೇಟ್, ಸ್ಲಿಪ್ ಕ್ರಿಟಿಕಲ್ ಜೋಡಣೆ ಇರಲಿ. ತೆಳು ವೆಬ್ ಏಕೆಂದರೆ 360-16ರಲ್ಲಿ ಸ್ಲೆಂಡರ್, ಅಂದರೆ ಬೇಗ ಮಡಚಿಕೊಳ್ಳುವ ತೆಳು ಭಾಗಗಳ ಸಾಮರ್ಥ್ಯ ಇಳಿಸಲು ಇದ್ದ ಕ್ಯೂ ಅಂಶದ ವಿಧಾನ ಹೋಗಿ ಪರಿಣಾಮಕಾರಿ ಅಗಲದ ವಿಧಾನ ಬಂತು. ಹಳೆಯ ಶೀಟ್‌ಗಳು ಕ್ಯೂ ಲೆಕ್ಕ ಹಾಕುತ್ತಲೇ ಇರುತ್ತವೆ, ಎಲ್ಲೂ ಎಚ್ಚರಿಕೆ ಕೊಡುವುದಿಲ್ಲ. ಉತ್ತರಗಳು ಒಂದೆರಡು ಪ್ರತಿಶತದೊಳಗೆ ಹೊಂದದಿದ್ದರೆ ಕಾರಣ ಸಿಗುವವರೆಗೆ ಆ ಸಾಧನವನ್ನು ಬಳಕೆಗೆ ಬಿಡಬೇಡಿ. ಹಳೆಯ ಸ್ಪ್ರೆಡ್‌ಶೀಟ್ ಹೆಸರಿನಲ್ಲೇ ಆವೃತ್ತಿ ಸೇರಿಸಿ ಬೇರೆ ಫೋಲ್ಡರ್‌ಗೆ ಸರಿಸಿ, ಆದರೆ ಅಳಿಸಬೇಡಿ.

ಸಾಫ್ಟ್‌ವೇರ್ ಬಗ್ಗೆ ನೀವು ಕೇಳಿದ್ದಕ್ಕೆ ನೇರ ಉತ್ತರ: ಪ್ರತಿ ಪ್ರಾಜೆಕ್ಟ್‌ಗೂ ಪ್ರೋಗ್ರಾಮಿನ ವರ್ಷನ್ ಮತ್ತು ಕೋಡ್ ಆಯ್ಕೆ ಎರಡನ್ನೂ ಮೊದಲ ದಿನವೇ ಬರೆದಿಟ್ಟು, ಮುಗಿಯುವವರೆಗೆ ಬದಲಿಸಬೇಡಿ. ಹೊಸ ವರ್ಷನ್‌ನಲ್ಲಿ ಹಳೆಯ ಮಾಡೆಲ್ ತೆರೆದಾಗ ಕೋಡ್ ಆಯ್ಕೆ, ಲೋಡ್ ಸಂಯೋಜನೆಗಳು, ಬಿಗಿತ ಕಡಿತ, ನೋಷನಲ್ ಲೋಡ್ (ಕಟ್ಟಡದ ತುಸು ಓರೆಯನ್ನು ಲೆಕ್ಕಕ್ಕೆ ತರುವ ಕಾಲ್ಪನಿಕ ಪಾರ್ಶ್ವ ಲೋಡ್) ಇವು ನಾಲ್ಕನ್ನೂ ಕಣ್ಣಾರೆ ನೋಡಿ. ಕೋಡ್ ಆಯ್ಕೆ ಬದಲಿಸಿದರೂ ಕೈಯಿಂದ ತುಂಬಿದ ಸಂಯೋಜನೆಗಳು ಹಳೆಯವೇ ಉಳಿಯುವುದು ಮಾಮೂಲು, ಮೇಲೆ ಹೇಳಿದ ಗಾಳಿ ಮತ್ತು ಹಿಮದ ಬೆರಕೆ ಹುಟ್ಟುವುದು ಹೀಗೆ.

ಹಳೆಯ ಕಟ್ಟಡಗಳಿಗೆ ಹೊಸ ಭಾಗ ಸೇರಿಸುವಾಗ ಲೆಕ್ಕ ಬೇರೆ. ಹೊಸ ಸದಸ್ಯಗಳು ಈಗಿನ ಆವೃತ್ತಿಯಂತೆ ಇರಬೇಕು. ಹಳೆಯ ಸದಸ್ಯಗಳನ್ನು ಹಾಗೇ ಬಿಡಬಹುದೇ ಎಂಬುದಕ್ಕೆ ಈಗಾಗಲೇ ಇರುವ ಕಟ್ಟಡಗಳಿಗೆಂದೇ ಇರುವ ಅಮೆರಿಕದ ಐಇಬಿಸಿ ಸಂಹಿತೆಯಲ್ಲಿ ಮಿತಿಗಳಿವೆ. ಗುರುತ್ವ ಲೋಡ್ ಹೆಚ್ಚಿದ್ದು 5 ಪ್ರತಿಶತದೊಳಗೆ ಇದ್ದರೆ, ಪಾರ್ಶ್ವ ಬಲ ಹೊರುವ ಸದಸ್ಯದ ಬೇಡಿಕೆ-ಸಾಮರ್ಥ್ಯದ ಅನುಪಾತ ಏರಿದ್ದು 10 ಪ್ರತಿಶತದೊಳಗೆ ಇದ್ದರೆ ಬಲಪಡಿಸುವ ಅಗತ್ಯವಿಲ್ಲ. ಮೀರಿದರೆ ಆ ಸದಸ್ಯವನ್ನು ಈಗಿನ ಕೋಡ್‌ಗೆ ತರಬೇಕು. ಆಗ ಉಕ್ಕಿನ ಬಲವನ್ನು ಊಹಿಸಬೇಡಿ. 1960ಕ್ಕೆ ಮುಂಚಿನ ಅಮೆರಿಕನ್ ಕಟ್ಟಡಗಳಲ್ಲಿ ಸಾಮಾನ್ಯವಾಗಿದ್ದ ಎ7 ಉಕ್ಕಿನ ಯೀಲ್ಡ್ 33 ಕೆಎಸ್‌ಐ, ಇಂದಿನ ಎ992ಕ್ಕೆ 50. ಹಳೆಯ ಡ್ರಾಯಿಂಗ್ ಸಿಗದಿದ್ದರೆ ಲೋಡಿನಿಂದ ಬರುವ ಒತ್ತಡ ಕಡಿಮೆ ಇರುವ ಕಡೆ, ಫ್ಲ್ಯಾಂಜ್‌ನ ತುದಿಯಿಂದ ಮಾದರಿ ಕತ್ತರಿಸಿ ಪರೀಕ್ಷೆಗೆ ಕಳಿಸಿ, ಕತ್ತರಿಸಿದ ಜಾಗವನ್ನು ಮೂಲೆ ಉಳಿಯದಂತೆ ದುಂಡಗೆ ಉಜ್ಜಿ ನುಣುಪು ಮಾಡಿಸಿ. ಎಐಎಸ್‌ಸಿ 360ರ 5ನೇ ಅನುಬಂಧ ಇದಕ್ಕೇ ಇದೆ.

ಪ್ರಾಜೆಕ್ಟ್ ಮುಗಿದಾಗ ಬಳಸಿದ ಆವೃತ್ತಿಯ ಪೂರ್ತಿ ಪಿಡಿಎಫ್, ಎರಾಟಾ, ಪ್ರಾಧಿಕಾರದ ಒಪ್ಪಿಗೆಪತ್ರ, ಸಾಫ್ಟ್‌ವೇರ್‌ನ ವರ್ಷನ್ ಸಂಖ್ಯೆ ಇವನ್ನು ಲೆಕ್ಕದ ಕಡತದೊಂದಿಗೇ ಇಡಿ. ಎಐಎಸ್‌ಸಿ 360 ಉಚಿತವಾಗಿಯೇ ಸಿಗುತ್ತದೆ. ಉಳಿದವುಗಳಿಗೆ ಕಚೇರಿಯ ಪರವಾನಗಿ ಯಾವ ರೀತಿಯ ಪ್ರತಿ ಇಟ್ಟುಕೊಳ್ಳಲು ಬಿಡುತ್ತದೆ ಎಂದು ಮೊದಲೇ ನೋಡಿಕೊಳ್ಳಿ.